ಒಂದು ಫೈಲಿಗೆ ಒಂದೇ ಮುಖ

ನಮ್ಮ ಕಂಪನಿಗೆ ಸರಿಯಾದ ಡಾಕ್ಯುಮೆಂಟ್ ಮ್ಯಾನೇಜ್‌ಮೆಂಟ್ ಸಿಸ್ಟಮ್ ಆರಿಸುವ ಕೆಲಸ ನನ್ನ ತಲೆಗೆ ಬಿದ್ದದ್ದು ಒಂದು ಲೈಸೆನ್ಸ್ ಕಾಗದ ಕಾಣೆಯಾದದ್ದರಿಂದ. ಕಂಪನಿ ಅಂದರೆ ದೊಡ್ಡದೇನನ್ನೋ ಊಹಿಸಿಕೊಳ್ಳಬೇಡಿ. ಮಲಾಡ್‌ನಿಂದ ಬೋರಿವಲಿಯವರೆಗೆ ಕೆಲವು ಉಡುಪಿ ಹೋಟೆಲುಗಳು, ಅವಕ್ಕೆಲ್ಲ ಹಿಟ್ಟು, ಚಟ್ನಿ, ಸಾಂಬಾರು ಕಳಿಸುವ ಒಂದು ದೊಡ್ಡ ಅಡುಗೆಮನೆ ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ, ಅದರ ಮೇಲಿನ ಮಹಡಿಯಲ್ಲಿ ಆಫೀಸು. ಆಫೀಸಿನ ಕಾಗದಪತ್ರವೆಲ್ಲ ನನ್ನ ಕೈಯಲ್ಲಿ. ಧಣಿಗಳು ಉಡುಪಿ ಕಡೆಯವರು, ಕೆಲಸಗಾರರೂ ಹೆಚ್ಚುಕಡಿಮೆ ಆ ಕಡೆಯವರೇ. ನಾನೊಬ್ಬಳು ವಿಜಯಪುರದ ಕಡೆಯ ಮುಸ್ಲಿಮರ ಮನೆಯ ಹೆಣ್ಣುಮಗಳು. ಮನೆಯಲ್ಲಿ ದಖ್ಖನಿ, ಆಫೀಸಿನಲ್ಲಿ ಕನ್ನಡ, ಲೋಕಲ್ ರೈಲಿನಲ್ಲಿ ಸೀಟಿಗೆ ಜಗಳವಾಡುವಾಗ ಹಿಂದಿ.

ಆ ಲೈಸೆನ್ಸಿನ ಕತೆ ಕೇಳಿದರೆ ನಗು ಬರುತ್ತದೆ, ಆಗ ಮಾತ್ರ ಯಾರೂ ನಗಲಿಲ್ಲ. ಹೊಸ ಲೈಸೆನ್ಸ್ ಬಂದರೆ ಮೊದಲು ಗಲ್ಲಾಪೆಟ್ಟಿಗೆಯ ಮೇಲಿನ ದೇವರ ಫೋಟೋದ ಮುಂದೆ ಇಟ್ಟು ಕೈಮುಗಿದು ಆಮೇಲೆ ಫೈಲಿಗೆ ಹಾಕುವುದು ನಮ್ಮ ಹೋಟೆಲುಗಳ ಪದ್ಧತಿ. ಮಲಾಡ್ ಹೋಟೆಲಿನಲ್ಲಿ ಯಾರೋ ಇಟ್ಟಿದ್ದಾರೆ, ಯಾರೋ ಫೋಟೋ ಒರೆಸುವಾಗ ಹಿಂದಕ್ಕೆ ತಳ್ಳಿದ್ದಾರೆ. ಇನ್‌ಸ್ಪೆಕ್ಟರ್ ಬಂದು ಕುರ್ಚಿ ಹಾಕಿಕೊಂಡು ಕೂತ ದಿನ ನಾವು ಕಪಾಟು, ಗೋಣಿಚೀಲ, ಎಣ್ಣೆ ಡಬ್ಬಿಗಳ ಹಿಂದಿನ ರಟ್ಟಿನ ಪೆಟ್ಟಿಗೆ ಎಲ್ಲ ಜಾಲಾಡಿದೆವು. ದೇವರು ಅದನ್ನು ಬೆನ್ನಿಗೆ ಇಟ್ಟುಕೊಂಡು ಸುಮ್ಮನೆ ಕೂತಿದ್ದ. ಎರಡು ದಿನ ಹೋಟೆಲಿನ ಬಾಗಿಲು ಹಾಕಬೇಕಾಯಿತು.

ಆಗಷ್ಟೇ ಓದು ಮುಗಿಸಿ ವ್ಯವಹಾರ ವಹಿಸಿಕೊಂಡಿದ್ದ ಧಣಿಗಳ ಮಗಳು ಮರುದಿನ ನನ್ನನ್ನು ಕರೆದಳು. ಒಳ್ಳೆಯ ಹುಡುಗಿ, ಸುಳ್ಳು ಹೇಳಬಾರದು. ಕನ್ನಡ ಅರ್ಥವಾಗುತ್ತದೆ, ಮಾತಾಡುವಾಗ ಮಾತ್ರ ನಾಲಿಗೆ ಎಡವುತ್ತದೆ.

"ಆಂಟಿ, ಬಸ್, ಇನಫ್. ಎಲ್ಲ ಪೇಪರ್ ಕಂಪ್ಯೂಟರ್‌ನಲ್ಲಿ ಬರಬೇಕು. ಲೈಸೆನ್ಸ್, ಬಿಲ್, ಸ್ಟಾಫ್‌ದು ಫೈಲ್, ಸಬ್ ಕುಛ್. ಒಂದು ಪರ್ಸನ್, ಒಂದು ಫೈಲ್, ಒಂದು ಫೋಟೋ. ಅದೇ ಫೋಟೋ ಗೇಟ್‌ದು ಮೆಷಿನ್‌ಗೆ ಹೋಗ್ತದೆ. ಫೈಲ್ ಇಲ್ಲ ಅಂದ್ರೆ ಕಿಚನ್‌ನಲ್ಲಿ ಎಂಟ್ರಿ ಇಲ್ಲ. ನೀವು ಮೂರು ಕಂಪನಿ ನೋಡಿ, ಬೆಸ್ಟ್ ಯಾವ್ದು ಹೇಳಿ."

"ಆಯ್ತವ್ವಾ" ಅಂದೆ. ಕುರ್ಚಿಯಿಂದ ಎದ್ದು ಬಾಗಿಲವರೆಗೆ ಬಂದೆನೋ ಇಲ್ಲವೋ, ನೆನಪಾಯಿತು: ದೋಸೆ ಅಣ್ಣ!

ದೋಸೆ ಅಣ್ಣ ಅಂದರೆ ನಮ್ಮ ಅಡುಗೆಮನೆಯ ಹಿಟ್ಟಿನ ಉಸ್ತುವಾರಿ. ಎಲ್ಲ ಹೋಟೆಲುಗಳ ದೋಸೆಯೂ ಅವರ ಕೈ ಮುಟ್ಟಿಯೇ ಹೋಗಬೇಕು. ಐವತ್ತು ದಾಟಿದ ಮನುಷ್ಯ, ಮಾತು ಕಡಿಮೆ, ಮುಖದಲ್ಲಿ ಯಾವಾಗಲೂ ಒಂದು ಚೂರು ನಗು. ನನ್ನ ಮಗಳಿಗೆ ಜ್ವರ ಬಂದಾಗೆಲ್ಲ ಕೇಳದೆಯೇ ಮೆತ್ತನೆಯ ಇಡ್ಲಿ ಕಟ್ಟಿಕೊಡುತ್ತಿದ್ದರು. ನನಗಿಂತ ದೊಡ್ಡವರು, ಆದರೂ ಆಫೀಸಿನವಳೆಂಬ ಗೌರವಕ್ಕೆ ನನ್ನನ್ನು "ಅಕ್ಕ" ಅನ್ನುತ್ತಿದ್ದರು.

ಈ ದೋಸೆ ಅಣ್ಣ ಕಾಗದದಲ್ಲಿ ಇರಲೇ ಇಲ್ಲ. ಕಾಗದದಲ್ಲಿ ಇದ್ದದ್ದು ಅವರ ಅಣ್ಣ.

ಇದರಲ್ಲಿ ಮೋಸ, ಗುಟ್ಟು ಅಂಥದ್ದೇನೂ ಇಲ್ಲ. ಹಳೆಯ ಹೋಟೆಲುಗಳಲ್ಲಿ ಬದಲಿ ಅಂತ ಒಂದು ಪದ್ಧತಿ ಇತ್ತು. ಒಬ್ಬ ಊರಿಗೆ ಹೋಗುವಾಗ ತನ್ನ ಜಾಗದಲ್ಲಿ ತಮ್ಮನನ್ನೋ ಭಾವನನ್ನೋ ನಿಲ್ಲಿಸಿ ಹೋಗುತ್ತಿದ್ದ. ಹೋದವನು ಬರುವ ತನಕ ಬಂದವನು ಅವನ ಹೆಸರಿಗೇ ಹಾಜರಿ ಹಾಕಿ ಕೆಲಸ ಮಾಡುವುದು. ಧಣಿಗೆ ಒಲೆಯ ಮುಂದೆ ಆಳು ಬೇಕು, ಮನೆಯವರಿಗೆ ಕೆಲಸ ಕೈತಪ್ಪಬಾರದು. ದೋಸೆ ಅಣ್ಣನ ಅಣ್ಣ ತಾಯಿಗೆ ಹುಷಾರಿಲ್ಲವೆಂದು ಊರಿಗೆ ಹೋದವರು ಅಲ್ಲೇ ಹಿಟ್ಟಿನ ಗಿರಣಿ ಹಾಕಿಕೊಂಡು ನಿಂತರು. ಬದಲಿಗೆ ಬಂದ ತಮ್ಮ ಇಲ್ಲೇ ಉಳಿದರು. ಅಣ್ಣನ ಹೆಸರು, ಅಣ್ಣನ ಫೋಟೋ, ಅಣ್ಣನ ಪಿಎಫ್ ನಂಬರು, ಅಣ್ಣನ ಬ್ಯಾಂಕ್ ಕಾರ್ಡು. ದುಡಿತ ಮಾತ್ರ ತಮ್ಮನದು. ಅಣ್ಣತಮ್ಮಂದಿರ ನಡುವೆ ಅದಕ್ಕೆ ಒಂದು ದಿನವೂ ಎರಡು ಮಾತು ಬಂದದ್ದಿಲ್ಲ. ಇಪ್ಪತ್ತು ವರ್ಷಕ್ಕೂ ಮೇಲಾಯಿತು. ಅಂಥ ಬೇರೆ ಬದಲಿಯವರೆಲ್ಲ ಒಬ್ಬೊಬ್ಬರಾಗಿ ಊರಿಗೆ ಹೋಗಿಯಾಗಿತ್ತು, ಉಳಿದವರು ಇವರೊಬ್ಬರೇ. ಆಫೀಸಿನಲ್ಲಿ ಯಾರಾದರೂ ಪರಿಶೀಲನೆಗೆ ಬಂದರೆ ಹಳೆಯ ಫೋಟೋ ನೋಡಿ, ಇವರ ಮುಖ ನೋಡಿ, ತಲೆಯಾಡಿಸಿ ಹೋಗುತ್ತಿದ್ದರು. ಇಬ್ಬರದೂ ಅದೇ ಅಗಲ ಹಣೆ, ಅದೇ ಮೂಗು.

ಈಗ ಹೊಸ ಸಿಸ್ಟಮ್ ಬಂದು ಈ ಮನುಷ್ಯನ ಫೈಲು ಎಲ್ಲಿ ಅಂತ ಕೇಳಿದರೆ? ಸ್ವಂತ ಹೆಸರಿನಲ್ಲಿ ಹೊಸದಾಗಿ ಸೇರಿಸೋಣವೆಂದರೆ ನಲವತ್ತೈದು ದಾಟಿದವರನ್ನು ಹೊಸದಾಗಿ ತೆಗೆದುಕೊಳ್ಳಬಾರದೆಂದು ಹುಡುಗಿ ಬಂದ ಮೊದಲ ತಿಂಗಳೇ ಬರೆದಿಟ್ಟಿದ್ದಳು. ಕೆಲಸ ಹೋದರೆ ಎಸ್ಟೇಟಿನ ಹಿಂದಿನ ಚಾಳಿನಲ್ಲಿ ಕಂಪನಿ ಕೊಟ್ಟ ಖೋಲಿಯೂ ಹೋಯಿತು. ಅಲ್ಲಿ ಅವರ ಹೆಂಡತಿ ಇದ್ದಳು, ಹನ್ನೆರಡನೆಯ ಕ್ಲಾಸಿನ ಮಗಳಿದ್ದಳು. ಅಲ್ಲಾ, ಇದನ್ನೆಲ್ಲ ಯಾವ ಕಂಪ್ಯೂಟರಿಗೆ ಅಂತ ಹೇಳಲಿ ನಾನು?

ಮೊದಲು ಧಣಿಗಳ ಹತ್ತಿರ ಹೋದೆ. ಕಾಯಿಲೆ ಬಿದ್ದ ಮೇಲೆ ಅವರು ಆಫೀಸಿಗೆ ಬಂದರೂ ಪೇಪರ್ ಓದಿ, ಒಂದು ಕಪ್ ಕಷಾಯ ಕುಡಿದು ಹೋಗುವುದಷ್ಟೇ. ವಿಷಯ ಅವರಿಗೆ ಗೊತ್ತಿದ್ದದ್ದೇ; ಆ ಬದಲಿಗೆ ಹೂಂ ಅಂದವರೇ ಅವರು.

"ನೀವು ಮಗಳಿಗೆ ಒಂದು ಮಾತು ಹೇಳ್ರಿ ಧಣಿ" ಅಂದೆ.

ಅವರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಒರೆಸಿದರು.

"ಎಂಥ ಹೇಳುದು ಮಾರಾಯ್ತಿ? ನಾನು ಹೇಳಿದ್ರೆ ಅವಳು ವಕೀಲರಿಗೆ ಕೇಳ್ತಾಳೆ. ವಕೀಲ ಹೇಳ್ತಾನೆ, ಇದು ಫೋರ್ಜರಿ, ಆ ಮನುಷ್ಯನನ್ನು ಇವತ್ತೇ ತೆಗೀರಿ ಅಂತ. ಆಗ ಅವನಿಗೇ ಕಷ್ಟ. ನನ್ನ ಕೈಲಿ ಈಗ ಎಂಥದೂ ಇಲ್ಲ. ನೀವೇ ಏನಾದ್ರೂ ನೋಡಿ ಮಾಡಿ."

ನೀವೇ ನೋಡಿ ಮಾಡಿ! ಮಾಡಿದವರು ಅವರು, ನೋಡಬೇಕಾದವಳು ನಾನು. ಸಿಟ್ಟು ನೆತ್ತಿಗೇರಿತು, ಆದರೆ ಕಷಾಯದ ಲೋಟ ಹಿಡಿದು ಕೂತ ಮುದುಕನ ಮೇಲೆ ಅದನ್ನು ಹೇಗೆ ತೀರಿಸಿಕೊಳ್ಳುವುದು? ಬಂದು ನನ್ನ ಮೇಜಿನ ಮೇಲಿನ ಪಂಚಿಂಗ್ ಮೆಷಿನ್ನನ್ನು ಜೋರಾಗಿ ಕುಕ್ಕಿ ಕೂತೆ.

ಹೀಗೆ ನನ್ನ ಆಯ್ಕೆ ಶುರುವಾಯಿತು. ಜನ ಇಂಥ ಸಿಸ್ಟಮ್ ಆರಿಸುವಾಗ ಎಷ್ಟು ಕಾಗದ ಹಿಡಿಸುತ್ತದೆ, ಕಳವಾಗುತ್ತದೋ ಇಲ್ಲವೋ, ಹುಡುಕಿದರೆ ಬೇಗ ಸಿಗುತ್ತದೋ ಅಂತ ನೋಡುತ್ತಾರಂತೆ. ನಾನೂ ಅದನ್ನೆಲ್ಲ ಕೇಳುತ್ತಿದ್ದೆ, ಕೇಳಬೇಕಲ್ಲ ಅಂತ. ನಿಜವಾಗಿ ನಾನು ಹುಡುಕುತ್ತಿದ್ದದ್ದು ದೋಸೆ ಅಣ್ಣ ನಿಲ್ಲಬಹುದಾದ ಒಂದು ಜಾಗವನ್ನು.

ಮೊದಲ ಕಂಪನಿ ಪವಾಯಿಯಲ್ಲಿ. ಕೆರೆ ಕಾಣುವ ಗಾಜಿನ ಆಫೀಸು, ಒಳಗೆ ಚಳಿಯೋ ಚಳಿ. ಅಲ್ಲಿನ ಹುಡುಗ ದೊಡ್ಡ ಪರದೆಯ ಮೇಲೆ ಫೈಲುಗಳನ್ನು ಇಸ್ಪೀಟು ಎಲೆಯ ಹಾಗೆ ಹರಡಿ ತೋರಿಸಿದ. ದೇವರಾಣೆಗೂ ಚೆನ್ನಾಗಿತ್ತು. ಮಲಾಡಿನ ಲೈಸೆನ್ಸ್ ಅಂತ ಒತ್ತಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಂದೆ ಬರುತ್ತದೆ. ಮುಗಿಯುವ ಮೊದಲೇ ಎಚ್ಚರಿಸುತ್ತದೆ. ನಾನು ಮೆಲ್ಲಗೆ ಹಿಂದಿಯಲ್ಲಿ ಕೇಳಿದೆ, ಒಬ್ಬ ಕೆಲಸಗಾರನ ಫೈಲಿನಲ್ಲಿ ಇಬ್ಬರು ಇರಬಹುದೇ ಅಂತ.

"ಇಬ್ಬರಾ ಮ್ಯಾಮ್? ಜಾಯಿಂಟ್ ಅಕೌಂಟ್ ತರಹ?"

"ಹಾಂ, ಹಾಗೇ ಅಂದುಕೋ."

ಅವನು ನಕ್ಕ. ಅವನ ತಪ್ಪೇನೂ ಇಲ್ಲ, ನನ್ನ ಪ್ರಶ್ನೆಯೇ ಹಾಗಿತ್ತು. ತಮ್ಮ ಸಿಸ್ಟಮ್ ಆಧಾರಿನ ಜೊತೆ ಮುಖ ಹೋಲಿಸಿ ನೋಡುತ್ತದೆ, ಒಂದು ಕೂದಲಷ್ಟು ವ್ಯತ್ಯಾಸವಿದ್ದರೂ ಬಿಡುವುದಿಲ್ಲ ಅಂತ ಎದೆಯುಬ್ಬಿಸಿ ಹೇಳಿದ. ಇಷ್ಟು ಒಳ್ಳೆಯ ಸಿಸ್ಟಮ್ ನನಗೆ ಬೇಡವಾಗಿತ್ತು.

ಎರಡನೆಯದು ಮಲಾಡ್ ಸ್ಟೇಷನ್ ಹತ್ತಿರ, ಗಂಡಹೆಂಡತಿ ನಡೆಸುವ ಸಣ್ಣ ಆಫೀಸು. ಹೆಂಡತಿ ಚಹಾ ಕೊಟ್ಟು ಸಮಾಧಾನದಿಂದ ವಿವರಿಸಿದಳು. ಅವಳದರಲ್ಲಿ ಕಾಗದದ ಹಳೆಯ ಪ್ರತಿ ಕೆಳಗೆ ಹೋಗಿ ಹೊಸದು ಮೇಲೆ ಕೂರುತ್ತದಂತೆ, ಎರಡೂ ಒಂದೇ ಫೈಲಿನಲ್ಲಿ.

ನನ್ನ ಕಿವಿ ನೆಟ್ಟಗಾಯಿತು. "ಫೋಟೋ ಕೂಡಾ? ಹಳೆಯದು ಕೆಳಗೆ, ಹೊಸದು ಮೇಲೆ?"

"ಹಾಂ ದೀದಿ, ಫೋಟೋ ಕೂಡಾ."

ಅಲ್ಲೇ ಅವಳನ್ನು ತಬ್ಬಿಕೊಳ್ಳಬೇಕೆನಿಸಿತು. ಅಣ್ಣ ಕೆಳಗೆ, ತಮ್ಮ ಮೇಲೆ. ಆದದ್ದೂ ಅದೇ ಅಲ್ಲವೇ! ನಾನು ಚಹಾ ಪೂರ್ತಿ ಕುಡಿದು ಇನ್ನೇನು ಹೂಂ ಅನ್ನಬೇಕು, ಅಷ್ಟರಲ್ಲಿ ಗಂಡ ಬಾಯಿ ಹಾಕಿದ. ಎರಡೂ ಫೋಟೋ ಒಬ್ಬನದೇ ಹೌದೋ ಅಂತ ಸಿಸ್ಟಮ್ ತಾನೇ ನೋಡುತ್ತದೆ, ಅಲ್ಲದಿದ್ದರೆ ಮಾಲೀಕರ ಮೊಬೈಲಿಗೆ ಮೆಸೇಜು ಹೋಗುತ್ತದೆ ಅಂದ. ಅದು ಅವನಿಗೆ ಬಹಳ ಹೆಮ್ಮೆಯ ವಿಷಯ. ನಿನ್ನ ಹೆಮ್ಮೆಗೆ ಬೆಂಕಿ ಬೀಳಲಿ ಅಂತ ಮನಸ್ಸಿನಲ್ಲೇ ಅಂದುಕೊಂಡು ಚೀಲ ಎತ್ತಿಕೊಂಡೆ.

ಮೂರನೆಯವನು ನಮ್ಮದೇ ಎಸ್ಟೇಟಿನ ಪಕ್ಕದ ಗಲ್ಲಿಯಲ್ಲಿ ಸಿಕ್ಕ. ಒಬ್ಬನೇ ಮನುಷ್ಯ, ಎರಡು ಕಂಪ್ಯೂಟರು, ತಲೆಯ ಮೇಲೆ ಕಿರುಗುಟ್ಟುವ ಫ್ಯಾನು. ಅವನ ಸಿಸ್ಟಮ್ ನಿಧಾನ, ನೋಡಲೂ ಚೆಂದವಿಲ್ಲ, ನಡುನಡುವೆ ನಿಂತೇ ಹೋಗುತ್ತದೆ. ಹಳೆಯ ಫೋಟೋ ಇರುವ ಫೈಲಿಗೆ ಹೊಸ ಫೋಟೋ ಹಾಕಿದರೆ ಎರಡನ್ನೂ ಹೋಲಿಸುತ್ತದೆಯೇ ಅಂತ ಕೇಳಿದೆ.

"ಬೆಹೆನ್‌ಜಿ, ಕ್ಯಾಮೆರಾ ಮುಂದೆ ಯಾರು ಕೂತರೋ ಅವರ ಫೋಟೋ. ಹಳೆಯದು ನೋಡೋದು, ಹೋಲಿಸೋದು ನನ್ನ ಹತ್ತಿರ ಇಲ್ಲ. ನಾನು ಯಾರನ್ನೂ ಅನುಮಾನದಿಂದ ನೋಡೋದಿಲ್ಲ" ಅಂದ ಅವನು ಹಿಂದಿಯಲ್ಲಿ. "ಒಂದೇ ಮಾತು. ಒಮ್ಮೆ ಸೇವ್ ಆದರೆ ಲಾಕ್. ಆಮೇಲೆ ಬದಲಾಯಿಸಬೇಕಾದರೆ ಮಾಲೀಕರೇ ಬಂದು ಕಾರಣ ಬರೆದು ಸಹಿ ಹಾಕಬೇಕು."

ಇದೇ! ಅಣ್ಣನ ಹೆಸರಿನ ಫೈಲಿಗೆ ದೋಸೆ ಅಣ್ಣ ಬಂದು ಕೂತರೆ ಸಾಕು. ಒಂದು ಸಲ ಮುಖ ಬಿದ್ದರೆ ಗೇಟು ಅವರಿಗೆ ತೆರೆಯುತ್ತದೆ, ನಿವೃತ್ತಿಯವರೆಗೆ ಯಾರ ಹಂಗೂ ಇಲ್ಲ. ಸರಿಯಲ್ಲ ಅಂತ ನನಗೂ ಗೊತ್ತಿತ್ತು. ಸರಿಯಾದದ್ದು ಯಾವುದು ಅಂತ ಯಾರಾದರೂ ಹೇಳಿದ್ದರೆ ಅದನ್ನೇ ಮಾಡುತ್ತಿದ್ದೆ.

ಧಣಿಗಳ ಮಗಳಿಗೆ ಪವಾಯಿಯದೇ ಇಷ್ಟವಾಗಿತ್ತು. ಯಾರಿಗೆ ಇಷ್ಟವಾಗುವುದಿಲ್ಲ? ನಾನು ಬಾಯಿಗೆ ಬಂದ ಕಾರಣವನ್ನೆಲ್ಲ ಹೇಳಿದೆ: ಇವನು ಪಕ್ಕದ ಗಲ್ಲಿಯವನು, ಕೂಗಿದರೆ ಬರುತ್ತಾನೆ, ಆ ದೊಡ್ಡವರು ಫೋನೇ ಎತ್ತುವುದಿಲ್ಲ, ನಮ್ಮ ಕನ್ನಡ ಕಾಗದ ಇವನ ಮೆಷಿನ್ ಓದುತ್ತದೆ. ಕೊನೆಯದು ಶುದ್ಧ ಸುಳ್ಳು. ಅವಳು ಪೆನ್ನು ಕಚ್ಚುತ್ತಾ ನನ್ನನ್ನೇ ನೋಡಿದಳು.

"ಆಂಟಿ, ನಿಮಗೆ ಪಕ್ಕಾ ಶೂರ್ ಇದೆ? ಠೀಕ್ ಹೈ. ಪೇಪರ್ ನಿಮಗೇ ಗೊತ್ತು. ಐ ಟ್ರಸ್ಟ್ ಯೂ."

ಆ ಮಾತಿಗಿಂತ ಅವಳು ಎರಡು ಬೈದಿದ್ದರೆ ಹಗುರಾಗುತ್ತಿತ್ತು.

ಅಂದು ಸಂಜೆ ಹಿಟ್ಟಿನ ಕೋಣೆಗೆ ಇಳಿದು ದೋಸೆ ಅಣ್ಣನನ್ನು ಬದಿಗೆ ಕರೆದೆ.

"ಅಣ್ಣಾ, ಸೋಮವಾರ ಎಲ್ಲಾರ್ದೂ ಫೋಟೋ ತೆಗಿತಾರ. ನಿಮ್ಮ ಅಣ್ಣಾರ ಹೆಸರು ಕೂಗ್ತೀನಿ. ನೀವು ಬಂದು ಕುಂದರ್ರಿ, ಫೋಟೋ ತೆಗಿಸ್ಕೊಂಡು ಎದ್ದು ಹೋಗ್ರಿ. ಯಾರೂ ಏನೂ ಕೇಳಂಗಿಲ್ಲ. ಎಲ್ಲಾ ನೋಡೀನಿ ನಾನು."

ಅವರು ಕೈಯ ಹಿಟ್ಟನ್ನು ಟವೆಲಿಗೆ ಒರೆಸಿಕೊಂಡರು.

"ಹೆಸರು ಅಣ್ಣನದ್ದು. ನಾನು ಕೂತ್ರೆ ಅದು ಸುಳ್ಳು ಆಗುದಿಲ್ವಾ ಅಕ್ಕ? ನಾಳೆ ಯಾರಿಗಾದ್ರೂ ಗೊತ್ತಾದ್ರೆ ನಿಮ್ಮ ತಲೆಗೆ ಬರ್ತದೆ."

"ನನ್ನ ತಲಿ ಚಿಂತಿ ನಿಮಗ್ಯಾಕ್ರೀ? ಸುಮ್ನ ಬಂದು ಕುಂದರ್ರಿ ಅಂದ್ನಲ್ಲ!"

"ಆಯ್ತು, ಆಯ್ತು. ನೀವು ಬೇಜಾರು ಮಾಡ್ಬೇಡಿ. ನಿಮಗೆ ತೊಂದರೆ ಬಾರದ ಹಾಗೆ ಮಾಡುವ."

ನಾನು ನಿಶ್ಚಿಂತೆಯಿಂದ ಲೋಕಲ್ ಹತ್ತಿದೆ. ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡೆ.

ಸೋಮವಾರ ಆಫೀಸಿನಲ್ಲಿ ಬಿಳಿ ಬಟ್ಟೆ ಕಟ್ಟಿ, ಮುಂದೆ ಒಂದು ಸ್ಟೂಲು ಇಟ್ಟು, ಪಕ್ಕದ ಗಲ್ಲಿಯವನು ಕ್ಯಾಮೆರಾ ಹಿಡಿದು ನಿಂತ. ಧಣಿಗಳ ಮಗಳು ಅವನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡಳು. ಅವಳು ಬರುತ್ತಾಳೆಂದು ನಾನು ಎಣಿಸಿರಲಿಲ್ಲ. ಇರಲಿ, ಅಡುಗೆಮನೆಗೆ ಅವಳು ಇಳಿಯುವುದು ಅಪರೂಪ, ಎಲ್ಲರ ಮುಖ ಅವಳಿಗೆಲ್ಲಿ ಗೊತ್ತು ಅಂತ ಧೈರ್ಯ ತಂದುಕೊಂಡೆ. ಹೆಸರು ಕೂಗುವುದು ನಾನು, ಬಂದವರು ಕೂರುವುದು, ಕ್ಲಿಕ್, ಎದ್ದು ಹೋಗುವುದು. ಜನ ಸ್ನಾನ ಮಾಡಿ, ತಲೆಗೆ ಎಣ್ಣೆ ಹಚ್ಚಿ, ಮದುವೆಗೆ ಬಂದವರ ಹಾಗೆ ಬಂದಿದ್ದರು.

ಆ ಹೆಸರು ಕೂಗಿದೆ.

ಸಾಲಿನ ಹಿಂದಿನಿಂದ ಒಬ್ಬ ವಯಸ್ಸಾದವರು ಮುಂದೆ ಬಂದರು. ರೈಲಿನಿಂದ ಆಗಷ್ಟೇ ಇಳಿದ ಮುಖ, ಕೈಯಲ್ಲಿ ಇನ್ನೂ ಬಟ್ಟೆಯ ಚೀಲ. ಅಗಲ ಹಣೆ, ಅದೇ ಮೂಗು. ಅವರ ಹಿಂದೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡ ದೋಸೆ ಅಣ್ಣ. ಅಣ್ಣನ ಚೀಲ ತಾನು ತೆಗೆದುಕೊಂಡು, ಅವರ ಕಾಲರು ಸರಿಮಾಡಿ, ಸ್ಟೂಲಿನ ಮೇಲೆ ಕೂರಿಸಿದರು. ಆಮೇಲೆ ನನ್ನ ಕಡೆ ತಿರುಗಿ, ಈಗ ಸಮಾಧಾನವೇ ಅನ್ನುವ ಹಾಗೆ ಸಣ್ಣಗೆ ನಕ್ಕರು.

ಯಾ ಅಲ್ಲಾಹ್! ಬೇಡ, ಎಬ್ಬಿಸಿ ಅಂತ ಕೂಗಬೇಕು. ಕೂಗಿದರೆ ಯಾಕೆ ಅಂತ ಹೇಳಬೇಕು. ಯಾಕೆ ಅಂತ ಹೇಳಿದರೆ ಆ ಕ್ಷಣವೇ ದೋಸೆ ಅಣ್ಣನ ಕೆಲಸ ಹೋಯಿತು. ಸಾಲಿನಲ್ಲಿದ್ದವರಿಗೆಲ್ಲ ಗೊತ್ತು, ಒಬ್ಬರೂ ತಲೆ ಎತ್ತಲಿಲ್ಲ. ಧಣಿಗಳ ಮಗಳು ಫೈಲಿನಲ್ಲಿದ್ದ ಹಳೆಯ ಫೋಟೋ ತೆಗೆದು ನೋಡಿದಳು, ಸ್ಟೂಲಿನ ಮೇಲಿದ್ದವರನ್ನು ನೋಡಿದಳು, ಅವಳ ಮುಖ ಅರಳಿತು.

"ಅರೆ ವಾಹ್! ಸೇಮ್ ಟು ಸೇಮ್! ಬರೀ ಕೂದಲು ವೈಟ್ ಆಯ್ತು."

ಕ್ಲಿಕ್. ಸೇವ್. ಪಕ್ಕದ ಗಲ್ಲಿಯವನು ಹೆಬ್ಬೆರಳು ಎತ್ತಿ ತೋರಿಸಿದ.

ಅವಳ ಕಣ್ಣು ಆಗ ಹಿಂದೆ ಚೀಲ ಹಿಡಿದು ನಿಂತವರ ಮೇಲೆ ಬಿತ್ತು. "ನೀವು ಯಾರು ಅಂಕಲ್?"

"ಇವರ ತಮ್ಮ."

"ನೀವೂ ಇಲ್ಲೇ ಕೆಲಸ ಮಾಡೋದಾ?"

ದೋಸೆ ಅಣ್ಣ ನನ್ನನ್ನು ನೋಡಿದರು. ನಾನು ಕೈಯಲ್ಲಿದ್ದ ಪಟ್ಟಿಯನ್ನು ನೋಡಿದೆ.

"ಇಲ್ಲಮ್ಮ" ಅಂದರು. "ಅಣ್ಣನ ಒಟ್ಟಿಗೆ ಬಂದದ್ದು."

"ಹಾಗಾದ್ರೆ ಪ್ಲೀಸ್ ಹೊರಗೆ ವೇಟ್ ಮಾಡಿ ಅಂಕಲ್, ಹೀಗೆ ಹೇಳಿದ್ದಕ್ಕೆ ಸಾರಿ. ಇದು ಸ್ಟಾಫ್‌ಗೆ ಮಾತ್ರ."

ಅವರು ಹೋದರು. ನಾನು ಮುಂದಿನ ಹೆಸರು ಕೂಗಿದೆ. ಕೂಗದೆ ಏನು ಮಾಡಲಿ?

ಊಟದ ಹೊತ್ತಿಗೆ ಕೆಳಗೆ ಓಡಿದೆ. ಅಣ್ಣತಮ್ಮ ಇಬ್ಬರೂ ಮೆಟ್ಟಿಲ ಬದಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ನನಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂತು.

"ಏನ್ ಮಾಡಿದ್ರಿ ಅಣ್ಣಾ ನೀವು? ಏನ್ ಮಾಡಿದ್ರಿ! ನಿಮ್ಮನ್ನ ಕುಂದರ್ರಿ ಅಂತ ನಾ ಹೇಳಿರಲಿಲ್ಲೇನು?"

"ಹೇಳಿದ್ರಿ. ಆದ್ರೆ ನಿಮ್ಮ ಹತ್ರ ಸುಳ್ಳು ಮಾಡಿಸುದು ನನಗೆ ಸರಿ ಕಾಣ್ಲಿಲ್ಲ ಅಕ್ಕ. ಹೆಸರಿನವನೇ ಬಂದು ಕೂತ್ರೆ ಯಾರಿಗೂ ಎಂಥದೂ ಹೇಳ್ಲಿಕ್ಕಿಲ್ಲ. ಅದಕ್ಕೇ ಫೋನು ಮಾಡಿ ಕರೆಸಿದ್ದು. ಅಣ್ಣನ ಗಾಡಿ ಇವತ್ತೇ ವಾಪಸು. ಗಿರಣಿ ಮುಚ್ಚಿ ಬಂದಿದ್ದಾನೆ ಪಾಪ."

"ನಾಳಿಂದ ಗೇಟಿನ ಮೆಷಿನ್ ಶುರು ಐತ್ರೀ. ಅದಕ್ಕ ನಿಮ್ಮ ಮುಖ ಗೊತ್ತಿಲ್ಲ."

ಅವರು ನಕ್ಕರು. ಇಷ್ಟು ವರ್ಷ ಅಣ್ಣನ ಫೋಟೋ ನೋಡಿ ಎಷ್ಟೋ ಆಫೀಸರುಗಳು ತಮ್ಮನ್ನು ಒಪ್ಪಿಕೊಂಡಿರುವಾಗ, ಒಂದು ಡಬ್ಬಿ ಒಪ್ಪಿಕೊಳ್ಳುವುದಿಲ್ಲವೇ ಅಂತ ಅವರ ಲೆಕ್ಕ. "ನಾವು ಇಬ್ರೂ ಒಂದೇ ಹಾಗೆ ಇದ್ದೇವಲ್ಲ ಅಕ್ಕ" ಅಂದರು. ಅಣ್ಣನೂ ಹೌದೆಂದು ತಲೆಯಾಡಿಸಿದರು. ನಾನು ಆ ಪಕ್ಕದ ಗಲ್ಲಿಯವನ ಹತ್ತಿರ ಹೋದೆ, ಬೇಡಿಕೊಂಡೆ, ಬೈದೆ. ಮಾಲೀಕರ ಸಹಿ, ಕಾರಣ ಅಂತ ಅವನು ಮತ್ತೆ ಮತ್ತೆ ಅದನ್ನೇ ಹೇಳಿದ. ಧಣಿಗಳಿಗೆ ಫೋನ್ ಮಾಡಿದೆ. "ಛೇ, ಛೇ" ಅಂದರು, ಫೋನ್ ಇಟ್ಟರು.

ಮಂಗಳವಾರ ಬೆಳಗ್ಗೆ ನಾನು ಎಂದಿಗಿಂತ ಬೇಗ ಹೋದೆ. ಗೇಟಿನ ಮೆಷಿನ್ ಮುಂದೆ ಸಾಲು ನಿಂತಿತ್ತು. ಒಬ್ಬೊಬ್ಬರೂ ಮುಖ ತೋರಿಸುವುದು, ಹಸಿರು ದೀಪ, ಒಳಗೆ. ದೋಸೆ ಅಣ್ಣನ ಸರದಿ ಬಂತು. ಕೆಂಪು ದೀಪ. ಒಂದು ಹೆಜ್ಜೆ ಹಿಂದೆ ಸರಿದು ಮತ್ತೆ ಮುಂದೆ ಬಂದರು. ಕೆಂಪು. ಟವೆಲಿನಿಂದ ಹಣೆ ಒರೆಸಿಕೊಂಡರು, ಕೂದಲು ಹಿಂದಕ್ಕೆ ಬಾಚಿಕೊಂಡರು, ಉಸಿರು ಬಿಗಿಹಿಡಿದು ನೆಟ್ಟಗೆ ನಿಂತರು. ಕೆಂಪು. ಒಳಗೆ ಹಿಟ್ಟು ಹುಳಿ ಬಂದು ಕಾಯುತ್ತಿತ್ತು, ಹೋಟೆಲುಗಳಿಂದ ಆಗಲೇ ಫೋನು.

ನಾನು ಗೇಟಿನ ಈಚೆ ನಿಂತಿದ್ದೆ. ಆರಿಸಿದವಳು ನಾನು. ತೆರೆಯುವ ಒಂದು ಗುಂಡಿಯೂ ನನ್ನ ಕೈಯಲ್ಲಿರಲಿಲ್ಲ.

ಅವರು ನನ್ನನ್ನು ನೋಡಿದರು. ಆ ನಗು ಇನ್ನೂ ಪೂರ್ತಿ ಹೋಗಿರಲಿಲ್ಲ.

"ರಾತ್ರಿ ಅಣ್ಣನನ್ನು ಗಾಡಿ ಹತ್ತಿಸಿ ಬಂದದ್ದಲ್ವಾ ಅಕ್ಕ, ನಿದ್ದೆ ಇಲ್ಲ, ಮುಖ ಬಾಡಿರ್ಬೇಕು" ಅಂದರು. "ಸ್ವಲ್ಪ ತೊಳ್ಕೊಂಡು ಬರ್ತೇನೆ. ಆಗ ಗುರ್ತು ಸಿಗ್ತದೆ."

ಹಿಂದಿನವರಿಗೆ ದಾರಿ ಬಿಟ್ಟುಕೊಟ್ಟು, ಟವೆಲು ಹೆಗಲಿಗೆ ಹಾಕಿಕೊಂಡು, ಅವರು ಗೋಡೆ ಬದಿಯ ನಲ್ಲಿಯ ಕಡೆಗೆ ನಡೆದರು.